ನಾನು ಬರೆಯದ ಹೇಮಗುಡ್ಡ

ಆ ಗುಡ್ಡವನ್ನು ನಾನು ಬರೆಯಲಿಲ್ಲ, ತಸ್ಲೀಮಾ. ಅದರಲ್ಲಿ ಒಂದು ಗೆರೆಯೂ ನನ್ನದಲ್ಲ.

ಗಂಗಾವತಿಯ ನಮ್ಮ ಹೈಸ್ಕೂಲಿಗೆ ಕಂಪ್ಯೂಟರ್ ಬಂದಾಗ ನೀನು ಒಂಬತ್ತನೇ ತರಗತಿ, ನಾನು ಡ್ರಾಯಿಂಗ್ ಮಾಸ್ತರ. ಸೀಮೆಸುಣ್ಣ ಹಿಡಿದರೆ ನನಗೆ ಸರಿಸಾಟಿ ಇರಲಿಲ್ಲ — ಈಗಲೂ ಇಲ್ಲ, ಅದು ಸುಳ್ಳಲ್ಲ. ಆದರೆ ಮೌಸ್ ಹಿಡಿದರೆ... ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮೌಸೇ ಸರಿಯಿಲ್ಲ ಅನ್ನುತ್ತಿದ್ದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ವೆಕ್ಟರ್ ಸಾಫ್ಟ್‌ವೇರಿನಲ್ಲಿ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು, ಬೇಕಾದಂತೆ ಬಾಗಿಸಬೇಕು. ನನಗದು ಒಲಿಯಲಿಲ್ಲ.

ಊರ ಹತ್ತಿರದ ಹೇಮಗುಡ್ಡದ ಫೋಟೋ ಹಾಕಿ ‘ಟ್ರೇಸ್’ ಒತ್ತಿದೆ, ಅಷ್ಟೇ. ಬಂಡೆಗಳ ಅಂಚು ಹಿಡಿದು ಯಂತ್ರವೇ ಚಿತ್ರ ಮಾಡಿಕೊಟ್ಟಿತು. ಮರುದಿನ ತರಗತಿಯಲ್ಲಿ ತೋರಿಸಿ, “ನೋಡ್ರಿ, ಎಲ್ಲಾ ಕೈಲೆ ಬರದೀನಿ” ಎಂದೆ.

ನೀನು ಅದೇ ಗುಡ್ಡವನ್ನು ಎಷ್ಟೋ ದಿನದಿಂದ ಚುಕ್ಕಿ ಚುಕ್ಕಿ ಇಟ್ಟು ಬರೆಯುತ್ತಿದ್ದೆ. ಅರ್ಧವಾಗಿತ್ತು. ನೀನು ನನ್ನ ಚಿತ್ರ ನೋಡಿದೆ, ನಿನ್ನದನ್ನೂ ನೋಡಿಕೊಂಡೆ.

“ನನ್ ಕೈಲೆ ಇಷ್ಟು ಆಗಂಗಿಲ್ರಿ ಸರ್.”

ನೀನು ಅಳಿಸಿಬಿಟ್ಟೆ. ಆಗಲೇ ನಾನು ಬಾಯಿ ಬಿಡಬೇಕಿತ್ತು — ಆದರೆ ಮಕ್ಕಳೆಲ್ಲ ನನ್ನನ್ನೇ ಮೆಚ್ಚಿ ನೋಡುತ್ತಿದ್ದರು, ನನಗದು ಹಿತವಾಗಿತ್ತು. ಆಮೇಲೆ ನೀನು ಚಿತ್ರ ಬರೆಯಲೇ ಇಲ್ಲ.

ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಶಾಲಾ ವಾರ್ಷಿಕೋತ್ಸವದ ಕಾರ್ಡ್ ಮಾಡಿಸಲು ಪ್ರಿಂಟಿಂಗ್ ಅಂಗಡಿಗೆ ಬಂದರೆ, ಕಂಪ್ಯೂಟರ್ ಮುಂದೆ ನೀನು! ಲಗ್ನಪತ್ರಿಕೆಗಳಿಗೆ ಹೆಸರು ಟೈಪ್ ಮಾಡುವ ಕೆಲಸ. ಕಾರ್ಡಿನ ಚಿತ್ರಕ್ಕೆಂದು ನಾನು ಹೇಮಗುಡ್ಡದ ಫೋಟೋ ಕೊಟ್ಟೆ. ನೀನು ಅದೇ ಟ್ರೇಸ್ ಒತ್ತಿದೆ. ಅದೇ ಗುಡ್ಡ ಮೂಡಿತು. ನಿನ್ನ ಕೈ ಮೌಸಿನ ಮೇಲೇ ನಿಂತಿತು.

“ಸರ್... ಅವತ್ತಿಂದೂ ಹಿಂಗ ಮಾಡಿದ್ರೇನ್ರಿ?”

“ಏ, ಇಲ್ಲವ್ವಾ. ಅದು ಕೈಲೆ ಬರದಿದ್ದು.”

“ಹೌದ್ರಿ, ನಿಮ್ ಕೈ ಭಾಳ ಛಲೋ ಐತ್ರಿ” ಎಂದು ನೀನು ನಕ್ಕೆ. ನಂಬಿ ನಕ್ಕೆಯೋ, ನನ್ನ ಮಾನ ಉಳಿಸಲು ನಕ್ಕೆಯೋ — ಎರಡರಲ್ಲಿ ಯಾವುದಾದರೂ ನಾಚಿಕೆ ನನ್ನದೇ.

ಮೊದಲ ಸಲ, ಮೌಸ್ ಹಿಡಿಯಲು ಬಾರದ್ದು ಗೊತ್ತಾದೀತೆಂದು ಹೆದರಿ ಸುಳ್ಳಾಡಿದ್ದೆ ಎಂದುಕೊಳ್ಳಬಹುದು. ಎರಡನೆಯದಕ್ಕೆ ಹೇಳಿಕೊಳ್ಳಲು ಏನೂ ಇಲ್ಲ.

ನಾಳೆ ಕಾರ್ಡಿನ ಪ್ರೂಫ್ ನೋಡಲು ಬರುತ್ತೇನೆ. ಗಿರಾಕಿಗಳಿರಲಿ, ಮಾಲೀಕರಿರಲಿ, ಅವರೆದುರೇ ಈ ನಿಜ ಹೇಳುತ್ತೇನೆ. ಯಂತ್ರದ ಗುಡ್ಡ ಕಾರ್ಡಿಗೆ ಬೇಡ. ನಿನ್ನದು ಎಡಕ್ಕೆ ವಾಲಿದ ದೊಡ್ಡ ಬಂಡೆಯಿಂದ ಶುರುವಾಗಿತ್ತು — ಅದು ಛಲೋ ಇತ್ತು, ನನಗೆ ಅವತ್ತೇ ಗೊತ್ತಿತ್ತು. ಮತ್ತೆ ಬರೆಯುತ್ತೀಯಾ ಎಂದು ಕೇಳುತ್ತೇನೆ. ನೀನು ಒಲ್ಲೆ ಎಂದರೆ, ಕಾರ್ಡಿನಲ್ಲಿ ಆ ಜಾಗ ಖಾಲಿಯೇ ಇರಲಿ.