ಗಾಜಿನ ಕಬ್ಬು

ವಿನ್ಯಾಸದ ಓದು ಮುಗಿಸಿ ಗಾಜಿನ ಕೆಲಸ ಕಲಿಯಲು ನಾನು ಫಿರೋಜಾಬಾದಿಗೆ ಹೋದೆ. ನಾನು ಸೇರಿದ ಕಾರ್ಖಾನೆಯಲ್ಲಿ ಹೆಂಗಸರನ್ನು ಕುಲುಮೆಯ ಹತ್ತಿರ ಬಿಡುತ್ತಿರಲಿಲ್ಲ. ನಾಲ್ಕು ತಿಂಗಳು ಒಡಕು ಗಾಜನ್ನು ಬಣ್ಣದ ಪ್ರಕಾರ ಆರಿಸುತ್ತ ಕೂತೆ. ಬೇಸತ್ತು ಹೋಗಿಬಿಡುತ್ತಾಳೆ ಎಂದುಕೊಂಡಿದ್ದರು. ಹೋಗಲಿಲ್ಲ. ಕೊನೆಗೊಂದು ದಿನ ಮುದಿ ಉಸ್ತಾದರು ಊದುವ ಕೊಳವೆಯನ್ನು ನನ್ನ ಕೈಗೆ ಕೊಟ್ಟರು.

ಮೂರು ವರ್ಷದ ನಂತರ ನನ್ನೂರು ಶೇಡಬಾಳಕ್ಕೆ ವಾಪಸು ಬಂದೆ. ಅಪ್ಪನ ತಮ್ಮ, ನನ್ನ ಕಾಕಾ, ಬೆಲ್ಲ ಮಾಡುವುದನ್ನು ಅಷ್ಟರಲ್ಲಿ ಬಿಟ್ಟಿದ್ದರು. ಕಬ್ಬೆಲ್ಲ ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗುತ್ತಿತ್ತು. ಅವರ ಖಾಲಿ ಗಾಣದ ಶೆಡ್ಡಿನಲ್ಲಿ ನನ್ನ ಕುಲುಮೆ ಇಟ್ಟೆ. ಹಾದಿಯಲ್ಲಿ ಹೋಗುವವರು ಇಣುಕಿ, “ಬಳಿ ಮಾಡಾಕತ್ತೀಯೇನವಾ?” ಎಂದು ಕೇಳುತ್ತಿದ್ದರು.

ಮೊದಲ ದೊಡ್ಡ ಕೆಲಸ ಬಂದದ್ದು ಕೊಲ್ಲಾಪುರದ ಒಂದು ಹೊಸ ಗ್ರಂಥಾಲಯದಿಂದ. ಆಳೆತ್ತರದ ಗಾಜಿನ ಕಬ್ಬು, ತೊಡೆಯಷ್ಟು ದಪ್ಪ. ಗೆಣ್ಣಿಗೊಂದರಂತೆ ಹನ್ನೆರಡು ತುಂಡು ಎರಕ ಹೊಯ್ದು ಜೋಡಿಸಬೇಕು. ಅಷ್ಟು ದಪ್ಪ ಗಾಜು ಕುಲುಮೆಯೊಳಗೇ ನಿಧಾನವಾಗಿ ಆರಬೇಕು, ಇಲ್ಲದಿದ್ದರೆ ಸೀಳುತ್ತದೆ. ಗೊತ್ತಿದ್ದೂ ತಡೆಯಲಾರದೆ ಆರನೆಯ ದಿನ ಬಾಗಿಲು ತೆರೆದೆ. ಟಣ್ ಟಣ್ ಎಂದು ಸದ್ದು ಕೇಳಿತು. ಹನ್ನೆರಡೂ ಬಿರುಕು ಬಿಟ್ಟಿದ್ದವು.

ಸದ್ದಿಗೆ ಕಾಕಾ ಬಂದರು. “ಎಷ್ಟ ದಿನ ಆರಬೇಕಿತ್ತು?”

“ಒಂಬತ್ತ.”

“ಹಂಗಾರ ಗಾಜಿಂದೇನೂ ತಪ್ಪಿಲ್ಲ ಬಿಡು,” ಎಂದು ಹೇಳಿ ಪೊರಕೆ ತಂದು ಕೊಟ್ಟರು.

ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಗುಡಿಸಿದೆ. ಸಂಜೆ ಗ್ರಂಥಾಲಯದ ವಾಸ್ತುಶಿಲ್ಪಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಫೈಬರಿನಲ್ಲಿ ಮಾಡಿಬಿಡಿ, ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವರು ಮರಾಠಿಯಲ್ಲಿ ಸಮಾಧಾನ ಹೇಳಿದರು. ನನಗೆ ಗೊತ್ತಾಗುತ್ತದೆ, ಒಂದು ತಿಂಗಳು ಕೊಡಿ, ಆಗದಿದ್ದರೆ ಬೇರೆಯವರನ್ನು ನೋಡಿ ಎಂದೆ. ಅವರು ಒಪ್ಪಿದರು.

ಅಚ್ಚುಗಳನ್ನೆಲ್ಲ ಮತ್ತೆ ಮಾಡಿ ಹನ್ನೆರಡೂ ತುಂಡು ಹೊಸದಾಗಿ ಎರಕ ಹೊಯ್ದೆ. ಈ ಸಲ ಕುಲುಮೆಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕಾಕಾನ ಕೈಗೆ ಕೊಟ್ಟೆ. ಆರನೆಯ ದಿನ ಮತ್ತೆ ಕೈ ತುರಿಸತೊಡಗಿತು.

“ಕಾಕಾ, ಒಂದೀಟ ಇಣಿಕಿ ನೋಡ್ತೀನಿ. ಕೀಲಿ ಕೊಡು.”

“ಮೂರ ದಿನ ಬಿಟ್ಟು ಬಾ,” ಎಂದವರೇ ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಶಿರಗುಪ್ಪಿಯಲ್ಲಿದ್ದ ಮಗಳ ಮನೆಗೆ ಹೊರಟೇಹೋದರು.

ಒಂಬತ್ತನೆಯ ದಿನ ಬೆಳಿಗ್ಗೆ ಬಂದು ತಾವೇ ಬೀಗ ತೆಗೆದರು. ಹನ್ನೆರಡೂ ಇಡಿಯಾಗಿದ್ದವು. ಒಂದರಲ್ಲಿ ಮಾತ್ರ ಕಡಲೆಕಾಳಿನಷ್ಟು ಗುಳ್ಳೆ ಉಳಿದಿತ್ತು. ಕಾಕಾ ಒಂದು ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದರು. ಹಸಿರು ಬೆಳಕು ಅವರ ಅಂಗಿಯ ಮೇಲೆ ಬಿತ್ತು. “ಇಷ್ಟ ದಪ್ಪ ಕಬ್ಬ ನಾನೂ ಬೆಳದಿಲ್ಲ ನೋಡವಾ,” ಎಂದರು.

ಆ ಕಬ್ಬು ಈಗ ಗ್ರಂಥಾಲಯದ ಮೆಟ್ಟಿಲ ಪಕ್ಕದಲ್ಲಿದೆ. ಅದನ್ನು ನೋಡಿದವರಿಂದ ಬೇರೆ ಕೆಲಸಗಳು ಬಂದವು. ಈಗ ಪುಣೆಯ ಒಂದು ಗೋಡೆಗೆ ಕೃಷ್ಣೆಯ ಹರಿವನ್ನು ಗಾಜಿನಲ್ಲಿ ಮಾಡುತ್ತಿದ್ದೇನೆ. ಅದಕ್ಕೆ ಹಳೆ ಕುಲುಮೆ ಸಾಲದು. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ದೊಡ್ಡದನ್ನು ಕಟ್ಟಿಸುತ್ತಿದ್ದೇನೆ. ಇಟ್ಟಿಗೆ ಎದೆಮಟ್ಟಕ್ಕೆ ಬಂದಿದೆ.