ಬೆಳಗಿನ ನಡುಕ, ಮಧ್ಯಾಹ್ನದ ಸಿಡಿತ

ನನ್ನ ಗಂಡನನ್ನು ಮಣ್ಣು ಮಾಡಿದ ದಿನ ಅಣ್ಣ ತವರಿನ ಸೀರೆ ತಂದ. ಉಡಿಗೆ ಹಾಕಲಿಲ್ಲ. ಹೊಸ್ತಿಲ ಮೇಲಿಟ್ಟು, ಒಂದು ಲೋಟ ನೀರೂ ಕುಡಿಯದೆ ಬೈಕ್ ಹತ್ತಿದ. ಸಾವಿನ ಮನೆಯಲ್ಲೂ ಅವನ ಸಿಟ್ಟು ಇಳಿದಿರಲಿಲ್ಲ. ನನ್ನದೂ ಇಳಿದಿರಲಿಲ್ಲ.

ನನ್ನವರು ಭೂವಿಜ್ಞಾನಿ. ಭೂಮಿಯೊಳಗಿನ ಹಳೆಯ ಬಿರುಕುಗಳಲ್ಲಿ ಯಾವುದು ಇನ್ನೂ ಜರುಗುತ್ತಿದೆ ಎಂದು ಹುಡುಕುವುದು ಅವರ ಕೆಲಸ. ಚನ್ನಗಿರಿಯಲ್ಲಿ ನಮ್ಮ ಬಾಡಿಗೆ ಮನೆ. ಹೊನ್ನಾಳಿಯ ಹತ್ತಿರ ಒಂದು, ಜಗಳೂರಿನ ಹತ್ತಿರ ಒಂದು ಕಂಪನ ಅಳೆಯುವ ಯಂತ್ರ ಹೂತಿಟ್ಟಿದ್ದರು. ನಾನು ಹತ್ತನೆಯ ತರಗತಿವರೆಗೆ ಓದಿದವಳು. ಅವರು ಹೇಳಿದ್ದರಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದು ಒಂದೇ: ಬಂಡೆ ಸಿಡಿಸಿದರೆ ನೆಲ ಸುತ್ತಲೂ ಮೊದಲು ಹೊರಕ್ಕೆ ತಳ್ಳುತ್ತದೆ, ಭೂಮಿ ತಾನಾಗಿ ಜರುಗಿದರೆ ಒಂದು ಕಡೆ ತಳ್ಳುತ್ತದೆ, ಇನ್ನೊಂದು ಕಡೆ ಎಳೆಯುತ್ತದೆ.

ನನ್ನ ತವರು ನ್ಯಾಮತಿಯ ಪಕ್ಕದ ಹಳ್ಳಿ. ಅಲ್ಲಿನ ಗುಡ್ಡದಲ್ಲಿ ಕಲ್ಲುಕ್ವಾರಿ ಇದೆ. ದಿನಾ ಮಧ್ಯಾಹ್ನ ಒಂದೂವರೆಗೆ ಸಿಡಿಸುತ್ತಾರೆ. ಊರವರು ಅದನ್ನು ಮುಚ್ಚಿಸಲು ಓಡಾಡಿ ಸಾಕಾಗಿದ್ದರು. ಹೋದ ವರ್ಷ ನಾನು ಅಲ್ಲಿದ್ದಾಗ, ಒಂದು ದಿನ ಬೆಳಿಗ್ಗೆ ಎಮ್ಮೆ ಹಾಲು ಕರೆಯುತ್ತಿದ್ದೆ. ತಂಬಿಗೆ ಗಡಗಡ ಎಂದಿತು, ಎಮ್ಮೆ ಹಗ್ಗ ಜಗ್ಗಿತು. ಎದ್ದು ನೋಡಿದರೆ ಅಣ್ಣನ ಹೊಸ ಗೋಡೆ ಬಾಗಿಲಿನಿಂದ ಸೂರಿನವರೆಗೆ ಬಿರುಕು ಬಿಟ್ಟಿತ್ತು. ನಾನು ಮೊದಲು ಫೋನ್ ಮಾಡಿದ್ದು ನನ್ನವರಿಗೆ.

ಎರಡು ದಿನಕ್ಕೆ ಅವರು ಪ್ರಶ್ನೆಗಳ ಹಾಳೆ ಹಿಡಿದು ಬಂದರು. ಎಷ್ಟು ಹೊತ್ತಿಗೆ, ಆಗ ಏನು ಮಾಡುತ್ತಿದ್ದಿರಿ, ಪಾತ್ರೆ ಅಲುಗಿದವಾ ಎಂದು ಮನೆಮನೆಗೆ ಹೋಗಿ ಕೇಳುವುದು ಅವರ ಪದ್ಧತಿ. ಹೆಸರು ಬರೆದುಕೊಳ್ಳುತ್ತಿರಲಿಲ್ಲ.

"ಏನ್ರೀ ಅಳಿಯಂದ್ರೆ, ಭೂಮ್ತಾಯಿ ನಾಡಿ ಹಿಡಿಯಾಕೆ ಬಂದ್ರಾ?" ಎಂದ ಕಟ್ಟೆಯ ಮೇಲಿದ್ದ ಹಿರಿಯನೊಬ್ಬ. "ಹಂಗೇ ಕ್ವಾರಿಯವ್ರ ಜೇಬಿಗೂ ಒಂದು ಕೈ ಹಾಕಿ ನೋಡ್ರಿ."

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಂದೇ ಉತ್ತರ ಕೊಟ್ಟರು: ಮಧ್ಯಾಹ್ನ ಒಂದೂವರೆ, ಊಟಕ್ಕೆ ಕೂತಿದ್ವಿ, ಗೋಡೆ ಬಿಡ್ತು. ಹಿಂದಿನ ದಿನ ಕಟ್ಟೆಯಲ್ಲಿ ಸೇರಿ ಹಾಗೇ ಹೇಳಬೇಕೆಂದು ಮಾತಾಡಿಕೊಂಡಿದ್ದರು. ಊರವರು ಎಡವಿದ್ದು ಅಲ್ಲೇ. ನಿಜವಾಗಿ ನಡುಗಿದ ಊರಿನಲ್ಲಿ ಒಬ್ಬರು ಇಲಿ ಅಂದುಕೊಂಡಿರುತ್ತಾರೆ, ಒಬ್ಬರು ಲಾರಿ ಅಂದುಕೊಂಡಿರುತ್ತಾರೆ, ಒಬ್ಬರಿಗೆ ಎಚ್ಚರವೇ ಆಗಿರುವುದಿಲ್ಲ. "ಇಡೀ ಊರು ಒಂದೇ ಗಳಿಗೆಗೆ ಊಟಕ್ಕೆ ಕೂತಿತ್ತಂತೆ" ಎಂದು ನನ್ನವರು ಹಾಳೆ ಮಡಚಿದರು.

ಯಂತ್ರಗಳೆರಡೂ ಬೆಳಗಿನ ನಡುಕವನ್ನು ಹಿಡಿದಿದ್ದವು. ಹೊನ್ನಾಳಿಯಲ್ಲಿ ನೆಲ ತಳ್ಳಿತ್ತು, ಜಗಳೂರಿನಲ್ಲಿ ಎಳೆದಿತ್ತು. ಭೂಕಂಪ ಎಂದು ವರದಿ ಬರೆದರು. ಅದರಲ್ಲಿ ಒಂದು ಸಾಲು: ಹಾಲು ಕರೆಯುತ್ತಿದ್ದ ಹೆಂಗಸೊಬ್ಬರಿಗೆ ಬೆಳಿಗ್ಗೆ ನಡುಕದ ಅನುಭವವಾಗಿದೆ. ಹೆಸರಿರಲಿಲ್ಲ, ಆದರೆ ಊರೆಲ್ಲ ಮಧ್ಯಾಹ್ನ ಎಂದಿದ್ದ ಮೇಲೆ ಆ ಹೆಂಗಸಾಗಲು ಉಳಿದವಳು ನಾನೊಬ್ಬಳೇ. ಗೋಡೆ ಬಿಟ್ಟದ್ದು ಭೂಕಂಪಕ್ಕೆ ಎಂದು ಆ ವರದಿ ತೋರಿಸಿಯೇ ಕ್ವಾರಿಯವರು ಸಿಡಿಸುವುದನ್ನು ಮುಂದುವರಿಸಿದರು.

"ಗಂಡನ ಕಾಗದಕ್ಕೆ ಸಾಕ್ಷಿ ಆದಿ. ಹುಟ್ಟಿದ ಮನಿ ಗೋಡಿಗೆ ಆಗ್ಲಿಲ್ಲ" ಎಂದ ಅಣ್ಣ.

ನನ್ನವರ ಮೇಲೂ ನನಗೆ ಸಿಟ್ಟಿದೆ. ಆ ಸಾಲು ಬಿಟ್ಟಿದ್ದರೂ ವರದಿ ನಿಲ್ಲುತ್ತಿತ್ತು. ಕೇಳಿದರೆ, "ಯಂತ್ರಕ್ಕೆ ಭಯ ಆಗಲ್ಲ, ಮನುಷ್ಯರ ಮಾತೂ ಬೇಕು" ಎಂದರು. ನನ್ನ ಭಯವನ್ನು ಬರೆಯುವ ಮುಂಚೆ ನನ್ನನ್ನು ಕೇಳಲಿಲ್ಲ. ಈಗ ಜಗಳವಾಡೋಣವೆಂದರೆ ಅವರಿಲ್ಲ. ಜಗಳೂರಿನ ಯಂತ್ರದ ಬ್ಯಾಟರಿ ಬದಲಿಸಲು ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರು.

ಮಣ್ಣಾದ ಹದಿನೈದು ದಿನಕ್ಕೆ ಅಣ್ಣ ಮತ್ತೆ ಬಂದ.

"ಸೋಮವಾರ ಸಾಹೇಬ್ರು ಕ್ವಾರಿ ನೋಡಾಕೆ ಬರ್ತಾರೆ. ಬೆಳಿಗ್ಗೆ ಏನೂ ಆಗ್ಲಿಲ್ಲ ಅಂತ ಹೇಳು. ನಿಮ್ಮನೆಯವ್ರಂತೂ ಹೋದ್ರು, ಇನ್ನ ಯಾರಿಗೆ ನೋವಾಗ್ತೈತೆ? ಹೇಳಿದ್ರೆ ನಿಂಗೆ ತವರು ಐತೆ. ಇಲ್ಲಾಂದ್ರೆ ಇಲ್ಲ."

ಹೋದೆ. ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಅಧಿಕಾರಿ ಕೇಳಿದಾಗ ಹೇಳಿದೆ: "ಬೆಳಿಗ್ಗೆ ನಡುಗಿದ್ದು ನಿಜ ರೀ, ತಂಬಿಗೆ ನನ್ನ ಕೈಯಾಗೇ ಇತ್ತು. ಮಧ್ಯಾಹ್ನದ್ದೂ ನಿಜ. ದಿನಾ ಸೂರಿನ ಮಣ್ಣು ಅನ್ನದಾಗೆ ಬೀಳ್ತೈತೆ. ಎರಡೂ ಬರ್ಕೊಳ್ರಿ."

"ಯಾವುದಾದರೂ ಒಂದು ಹೇಳಮ್ಮ."

"ಒಂದೇ ಆಗಿದ್ರೆ ಒಂದೇ ಹೇಳ್ತಿದ್ದೆ ರೀ."

ಕ್ವಾರಿಯ ಮ್ಯಾನೇಜರ್ ನನ್ನನ್ನು ದುರುಗುಟ್ಟಿ ನೋಡಿದ. ಊರವರೂ ಹಾಗೇ ನೋಡಿದರು. "ಕೊಟ್ಟ ಹೆಣ್ಣು ಕೊಟ್ಟಂಗೇ ಬಿಡಪ್ಪ" ಎಂದು ಕಟ್ಟೆಯ ಹಿರಿಯ ಅಣ್ಣನ ಹೆಗಲು ತಟ್ಟಿದ.

ಅತ್ತಿಗೆ ಊಟಕ್ಕೆ ಕರೆಯಲಿಲ್ಲ. ಅಣ್ಣ ಬಸ್ ಸ್ಟಾಪಿನವರೆಗೆ ಬಂದ. ಬಸ್ಸು ಕಂಡಾಗ, "ಇನ್ನ ಪಂಚಮಿಗೆ ಕರಿಯಾಕೆ ಬರಲ್ಲ" ಎಂದ.

"ಬರಬ್ಯಾಡ ಬಿಡಣ್ಣ" ಎಂದೆ.

ಹತ್ತಿ ಕೂತೆ. ಬಸ್ಸು ಹೊರಡುವವರೆಗೂ ಅವನು ಅಲ್ಲೇ ನಿಂತಿದ್ದ. ನಾನು ಕಿಟಕಿಯ ಕಡೆ ತಿರುಗಲಿಲ್ಲ.