ಎಲೆ ಕಾಕಾನ ಗಾಡಿಯ ಮುಂಗಾಲು

ಹೋದ ತಿಂಗಳು ಅಕ್ಕಿಆಲೂರಿನಲ್ಲಿ ನಮ್ಮ ಅಕ್ಕನ ಮಗಳ ನಿಶ್ಚಯ ಇತ್ತು. ಪಡಸಾಲೆಯಲ್ಲಿ ಒಂದು ಕಡೆ ಹಿರೇಕೆರೂರಿನ ಬೀಗರು, ಇನ್ನೊಂದು ಕಡೆ ನಾವು, ನಡುವೆ ಶಾಸ್ತ್ರ ಮಾಡಿಸುವ ಅಯ್ಯನವರು. ಅಕ್ಕನ ಗಂಡ ಒಳಗೂ ಹೊರಗೂ ಓಡಾಡುತ್ತ ಯಾರಿಗೂ ಬೇಡದ ಅವಸರ ಮಾಡುತ್ತಿದ್ದರು. ಅಷ್ಟರಲ್ಲಿ ಅಕ್ಕ ವೀಳ್ಯದೆಲೆಯ ಪೆಂಡಿ ತಂದು ನನ್ನ ಮುಂದಿಟ್ಟು, ‘ಖಾಲಿ ಕುಂತೀಯಲ್ಲ, ಎಲಿ ಒರಸಿ ತಾಟಿನ್ಯಾಗ ಜೋಡಸು’ ಎಂದಳು. ಮೇಲೆ ಸುತ್ತಿದ್ದ ತೊಯ್ದ ಗೋಣಿತಟ್ಟು ಬಿಚ್ಚಿದೆ. ಹಸಿ ಗೋಣಿ, ಬಾಳೆಪಟ್ಟೆ, ಅದರೊಳಗಿನ ಎಲೆಯ ಖಾರ, ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಎದುರಿಗಿದ್ದ ಬೀಗರು ಏನೋ ಕೇಳುತ್ತಿದ್ದರು. ನನಗೆ ಕೇಳಿಸಲಿಲ್ಲ...

ಸವಣೂರಿನ ನಮ್ಮ ಓಣಿಗೆ ಆ ವಾಸನೆ ದಿನಾ ಮುಂಜಾನೆ ಬರುತ್ತಿತ್ತು. ಅದರ ಹಿಂದೆಯೇ ಒಂದು ಹಳೆಯ ಮೋಟರ್ ಸೈಕಲ್ಲಿನ ಕೆಮ್ಮು. ಆ ಗಾಡಿ ನಮ್ಮ ಎದುರು ಮನೆಯವರದು. ಊರೆಲ್ಲ ಅವರನ್ನು ಎಲೆ ಕಾಕಾ ಎನ್ನುತ್ತಿತ್ತು, ನಾವೂ ಹಾಗೆಯೇ ಎನ್ನುತ್ತಿದ್ದೆವು. ಊರ ಹೊರಗಿನ ಗೌಡರ ತೋಟದಲ್ಲಿ ಎಲೆ ಎತ್ತುವುದು, ಬಂಕಾಪುರದ ಮೇಲೆ ಹಾಯ್ದು ಹಾನಗಲ್ಲು, ಅಕ್ಕಿಆಲೂರು, ಒಮ್ಮೊಮ್ಮೆ ಹಿರೇಕೆರೂರಿನ ತನಕ ಪಾನಪಟ್ಟಿ ಅಂಗಡಿಗಳಿಗೂ ಮದುವೆ ಮನೆಗಳಿಗೂ ಮುಟ್ಟಿಸುವುದು. ಅವರ ಅಪ್ಪ ಮಾಡಿದ್ದೂ ಅದೇ ಕೆಲಸ. ಅಪ್ಪ ತಲೆಯ ಮೇಲೆ, ಆಮೇಲೆ ಸೈಕಲ್ಲಿನ ಮೇಲೆ. ಇವರು ಮೋಟರ್ ಸೈಕಲ್ಲಿನ ಮೇಲೆ.

ಕಾಕಾನ ಗಾಡಿಯನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಎಲ್ಲರೂ ಸಾಮಾನು ಹಿಂದೆ ಕಟ್ಟಿದರೆ ಇವರದು ಮುಂದೆ. ಹ್ಯಾಂಡಲಿನ ಆಚೆ, ದೀಪದ ಮೇಲೆ ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಎಲೆ ತುಂಬಿದ ಬಿದಿರಿನ ಹೆಡಿಗೆ. ಹೆಡಿಗೆಯ ಅಂಚಿನ ಮೇಲಿಂದ ಕತ್ತು ಉದ್ದ ಮಾಡಿ ದಾರಿ ನೋಡುತ್ತ ಬರುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಎಲೆಯ ತೋಟಕ್ಕೆ ಚಪ್ಪಲಿ ಬಿಟ್ಟು ಹೋಗಬೇಕು, ಮುಟ್ಟು ಮೈಲಿಗೆ ನೋಡಬೇಕು ಎಂಬ ಶಿಸ್ತು ನಮ್ಮ ಕಡೆ ಮೊದಲಿನಿಂದಲೂ ಉಂಟು. ಗೌಡರ ಮನೆತನದಲ್ಲಿ ಅದರ ಮೇಲೆ ಇನ್ನೊಂದು: ಎಲೆಗೆ ಬೆನ್ನು ಕೊಡಬಾರದು. ಕಾಕಾ ಮೋಟರ್ ಸೈಕಲ್ಲು ತೊಗೊಂಡ ದಿನ ಗೌಡರು ತೋಟದ ಬಾಗಿಲಲ್ಲಿ ನಿಂತು ಹೇಳಿದ್ದರಂತೆ, ‘ಎಲಿ ಅಂದ್ರ ಲಕ್ಷ್ಮಿ. ಆಕಿಗೆ ನೀ ಬೆನ್ನ ಕೊಟ್ಟ ಕುಂತ್ರ ಆಕಿ ನನಗ ಬೆನ್ನ ಕೊಡ್ತಾಳ. ಎದಿಗೆ ಎದುರ ಇಟಗೊಂಡ ಒಯ್ಯುದಾದ್ರ ತೋಟ ನಿಂದು. ಇಲ್ಲಂದ್ರ ಬ್ಯಾರೇದಾಂವ ಬರ್ತಾನ.’ ಕಾಕಾ ಹೂಂ ಎಂದರು. ಆ ಒಂದು ತೋಟವೇ ಅವರ ಒಲೆ. ಅಂಥ ಎಲೆ ಸುತ್ತಲೆಲ್ಲೂ ಇರಲಿಲ್ಲ, ಅದು ತಪ್ಪಿದರೆ ಅವರಿಗೆ ಬೇರೆ ವ್ಯಾಪಾರವೂ ಗೊತ್ತಿರಲಿಲ್ಲ.

ಕಾಕು, ಅಂದರೆ ಕಾಕಾನ ಹೆಂಡತಿ, ಬಾಯಿ ಜೋರಿನ ಹೆಂಗಸು. ನಮ್ಮ ಅವ್ವನ ಹತ್ತಿರ ಕಟ್ಟೆಗೆ ಕುಳಿತು ಗಂಡನಿಗೆ ಕೇಳುವ ಹಾಗೆ ಅನ್ನುತ್ತಿದ್ದರು, ‘ನೋಡ್ರಿ ಅಕ್ಕಾರ, ನನ್ನ ನಸೀಬ! ಹೇಣ್ತಿಗೆ ಬೆನ್ನ ಕೊಡಬಹುದಂತ, ಎಲಿಗೆ ಕೊಡಬಾರದಂತ. ಎಲಿಗೆ ಮುಂದಿನ ಕುರ್ಚಿ, ನನಗ ಹಿಂದಿನ ಗಾಲಿ ಮ್ಯಾಲಿನ ಕೆಸರು.’

‘ನೀ ದಿನಾ ಮಾರಾಟ ಆಗೂವಂಗಿದ್ರ ನಿನ್ನೂ ಮುಂದ ಕುಂದ್ರಸ್ತಿದ್ದೆ’ ಎಂದು ಕಾಕಾ ಒಳಗಿನಿಂದಲೇ ಹೇಳುತ್ತಿದ್ದರು. ಅವ್ವ ನಕ್ಕು ನಕ್ಕು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಆದರೆ ಗಾಡಿಗೆ ನಗು ಬರುವ ಹಾಗಿರಲಿಲ್ಲ. ನೀರು ಚಿಮುಕಿಸಿದ ಎಲೆ ಎಂದರೆ ಒಜ್ಜೆ. ಅಷ್ಟೂ ಭಾರ ಮುಂದಿನ ಫೋರ್ಕಿನ ಮೇಲೆ, ಅಂದರೆ ಹ್ಯಾಂಡಲಿನಿಂದ ಗಾಲಿಗೆ ಇಳಿದು ಕುಲುಕು ತಡೆಯುವ ಆ ಎರಡು ಕೊಳವೆಗಳ ಮೇಲೆ. ಕಾಕಾ ಅದಕ್ಕೆ ಮುಂಗಾಲು ಎನ್ನುತ್ತಿದ್ದರು. ‘ಮುಂಗಾಲ ಸೋತಾವ ತಮ್ಮಾ’ ಎಂದು ಒಂದು ದಿನ ನನಗೆ ತೋರಿಸಿದರು. ಎಣ್ಣೆ ಸೋರಿ ಕೊಳವೆಗಳು ಜಿಡ್ಡಾಗಿದ್ದವು, ಅದರಲ್ಲೊಂದು ಕಣ್ಣಿಗೆ ಕಾಣುವಷ್ಟು ಬಾಗಿತ್ತು. ಹಾನಗಲ್ಲಿನ ದಾರಿಯಲ್ಲಿ ತಗ್ಗಿಗೆ ಇಳಿದಾಗ ಗಾಡಿ ಮೊಣಕಾಲೂರಿ, ಕಾಕಾ ಎಲೆಯ ಮೇಲೆ ಮುಗ್ಗರಿಸಿ ಬಿದ್ದಿದ್ದರು. ಗಲ್ಲ ತರಚಿತ್ತು. ಎಲೆಗೆ ಏನೂ ಆಗಲಿಲ್ಲ ಎಂದು ಸಮಾಧಾನ ಪಡುತ್ತಿದ್ದರು.

ನಾನಾಗ ಹೈಸ್ಕೂಲಿನಲ್ಲಿ ಗುಮಾಸ್ತ. ರಜೆಯ ದಿನ ಅವರ ಜೊತೆ ಬಂಕಾಪುರದಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿಗೆ ಹೋದೆ. ಲೇತಿನವನು ಮಾತಿನ ಮನುಷ್ಯ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಅಂದ, ‘ಕಾಕಾ, ಇದು ಮೋಟರ್ ಸೈಕಲ್ ಉಳದಿಲ್ರಿ, ದಿನ ತುಂಬಿದ ಎಮ್ಮಿ ಆಗೇತಿ. ಹಿಂದ ಒಂದ ಕ್ಯಾರಿಯರ್ ಬಡದ ಕೊಡ್ತೇನಿ, ನೀವು ಚಾ ಕುಡಿಯೂದ್ರಾಗ ಮುಗೀತೈತಿ. ಪುಕ್ಕಟ ಅಂದ್ರೂ ಪುಕ್ಕಟ.’

‘ಹಿಂದ ಬ್ಯಾಡ.’

‘ಯಾಕ?’

‘ಗೌಡ್ರಿಗೆ ಮಾತ ಕೊಟ್ಟೇನಿ.’

‘ಗೌಡ್ರು ಹಾನಗಲ್ಲ ರಸ್ತಾದಾಗ ಗಿಡದ ಮ್ಯಾಲ ಕುಂತ ನೋಡ್ತಾರೇನ್ರಿ? ಊರ ದಾಟೂತನ ಮುಂದ ಇಟಗೊಳ್ರಿ, ದಾಟಿದ ಮ್ಯಾಲ ಹಿಂದ ಒಗೀರಿ.’

ಕಾಕಾ ನಕ್ಕರು. ‘ಅವರು ನೋಡಂಗಿಲ್ಲೋ ಮಾರಾಯಾ. ನಾ ನೋಡತೇನಲ್ಲ.’ ಆಮೇಲೆ ನನ್ನ ಕಡೆ ತಿರುಗಿ, ‘ನಾ ಐದ ಹೊತ್ತ ನಮಾಜ್ ಮಾಡಾಂವ, ಲಕ್ಷ್ಮಿ ನನಗೇನ್ ಆಗಬೇಕು ತಮ್ಮಾ? ಆದ್ರ ಎಲಿ ಅವರದು, ಮಾತ ನಂದು’ ಎಂದರು.

ಲೇತಿನವನು ಫೋರ್ಕಿನ ಮುಂದೆ ಕುಳಿತು ಅಳತೆ ಹಿಡಿದ. ಹಾಗಾದರೆ ದೊಡ್ಡ ಗಾಡಿಯ ದಪ್ಪ ಕೊಳವೆ ತರಬೇಕು, ಗಟ್ಟಿ ಸ್ಪ್ರಿಂಗು ಹಾಕಬೇಕು, ಅವು ಈ ಗಾಡಿಗೆ ಕೂಡ್ರುವಂತೆ ಮೇಲಿನ ಕೆಳಗಿನ ಹಿಡಿಕೆಗಳನ್ನು ಹೊಸದಾಗಿ ಕಡೆಯಬೇಕು. ಮುಂದಿನ ಗಾಲಿಯೂ ಬೇರೆ, ಬ್ರೇಕೂ ಬೇರೆ ಎಂದು ವಿವರಿಸಿದ. ಎಲ್ಲ ಕೂಡಿಸಿ ಅವನು ಹೇಳಿದ ಬೆಲೆಗೆ ಅಂಥದೇ ಇನ್ನೊಂದು ಹಳೆಯ ಗಾಡಿ ಬರುತ್ತಿತ್ತು. ಕಾಕಾನ ಮುಖ ನೋಡಿ ಅವನೇ ಸ್ವಲ್ಪ ಇಳಿದ. ‘ಹಳೇ ಫೋರ್ಕ್ ನನಗ ಬಿಟ್ಟ ಹೋಗ್ರಿ, ಅದನ್ನ ಇದ್ರಾಗ ಕಳೀತೇನಿ.’ ಕಾಕಾ ಒಪ್ಪಿದರು. ಸೋತ ಮುಂಗಾಲು ಇಟ್ಟುಕೊಂಡು ಮಾಡುವುದೇನು ಎಂದು ನನಗೂ ಅನ್ನಿಸಿತ್ತು.

ಉಳಿದ ದುಡ್ಡು ಕಾಕುನ ಆಡುಗಳಿಂದ ಬಂತು. ಮಳೆಗಾಲಕ್ಕೆ ಮೊದಲು ಮನೆಗೆ ಹೊಸ ತಗಡು ಹೊದಿಸಬೇಕೆಂದು ಅವರು ಸಾಕಿದ್ದ ಆಡುಗಳು. ಹಗ್ಗ ಬಿಚ್ಚಿ ಕೊಡುವಾಗ ಅಷ್ಟು ದೊಡ್ಡ ಬಾಯಿಯ ಹೆಂಗಸು ಒಂದು ಮಾತೂ ಆಡಲಿಲ್ಲ. ಆಡಿದ್ದು ಮಳೆ ಹಿಡಿದ ಮೇಲೆ. ಮನೆಯ ತುಂಬ ಬೋಗುಣಿ, ಪಾತೇಲಿ ಹರಡಿಟ್ಟು ನಮ್ಮ ಅವ್ವನಿಗೆ ತೋರಿಸಿ, ‘ಟಪ್ ಟಪ್ ಅಂತೈತಲ್ರಿ ಅಕ್ಕಾರ, ಇದು ನೀರಲ್ಲ, ನನ್ನ ಆಡಿನ ಹಾಲು’ ಎಂದರು. ಆ ಸಲ ಯಾರೂ ನಗಲಿಲ್ಲ.

ಆದರೂ ಆ ಕೆಲವು ತಿಂಗಳು ಕಾಕಾ ಖುಷಿಯಿಂದ ಇದ್ದರು ಎಂದೇ ಹೇಳಬೇಕು. ಹೊಸ ಮುಂಗಾಲಿನ ಗಾಡಿ ಎದೆ ಸೆಟೆಸಿ ನಿಲ್ಲುತ್ತಿತ್ತು. ಹೆಡಿಗೆ ಹೇರಿದರೂ ಜಗ್ಗುತ್ತಿರಲಿಲ್ಲ. ಓಣಿಯ ಹುಡುಗರು ಸುತ್ತ ನೆರೆದು ನೋಡುತ್ತಿದ್ದರು. ಕಾಕಾ ಎತ್ತಿನ ಹೆಗಲು ತಟ್ಟಿದ ಹಾಗೆ ಆ ದಪ್ಪ ಕೊಳವೆ ತಟ್ಟಿ, ‘ಇನ್ನ ನನಗ ಮಣ್ಣ ಕೊಡೂತನಕ ಇದಕ್ಕ ಚಿಂತಿಲ್ಲ’ ಎನ್ನುತ್ತಿದ್ದರು.

ದೀಪಾವಳಿಯ ಮುಂದೆ, ಎಲೆಗೆ ಕೈತುಂಬ ಗಿರಾಕಿ ಇರುವ ದಿನಗಳಲ್ಲಿ, ಬಂಕಾಪುರ ಕ್ರಾಸಿನಲ್ಲಿ ಗಾಡಿಗಳ ತಪಾಸಣೆ ನಡೆದಿತ್ತು. ಅಧಿಕಾರಿ ಕಾಕಾನ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರಂತೆ.

‘ಇದು ಕಂಪನಿ ಫೋರ್ಕ್ ಅಲ್ಲ. ಹೀಗೆಲ್ಲ ಬದಲಾಯಿಸೋ ಹಾಗಿಲ್ಲ.’

‘ಸಾಹೇಬ್ರ, ಕಂಪನೀದ್ಕಿಂತ ಗಟ್ಟಿ ಐತ್ರಿ.’

‘ಗಟ್ಟಿ ಇರೋದು ಬೇರೆ, ಕಾಯ್ದೆ ಬೇರೆ. ಮೊದಲಿದ್ದ ಹಾಗೆ ಮಾಡಿಸಿ ತೋರಿಸಿ, ಬಿಡ್ತೀವಿ.’

ಅವರದು ತಪ್ಪು ಎಂದು ನಾನು ಹೇಳಲಾರೆ. ಗಾಡಿ ಶಿಗ್ಗಾವಿಯ ಠಾಣೆಯ ಅಂಗಳಕ್ಕೆ ಹೋಯಿತು. ಕಾಕಾ ಹೆಡಿಗೆ ತಲೆಯ ಮೇಲೆ ಹೊತ್ತು ಹಾನಗಲ್ಲಿನ ಬಸ್ಸು ಹತ್ತಿದರು. ಕಂಡಕ್ಟರು ಹಿಂದಿನ ಸೀಟಿನ ಆಚೆ ಇಡಿ ಎಂದ. ಇವರು ತೊಡೆಯ ಮೇಲೆ ಇಟ್ಟುಕೊಂಡರು. ನೀರು ಸೋರಿ ಪಕ್ಕದ ಹೆಣ್ಣುಮಗಳ ಸೀರೆ ತೊಯ್ದು ದೊಡ್ಡ ಜಗಳವಾಯಿತಂತೆ.

ಮೊದಲಿದ್ದ ಹಾಗೆ ಮಾಡಿಸಲು ಮೊದಲಿದ್ದದ್ದು ಬೇಕಲ್ಲ? ಲೇತಿನವನನ್ನು ಕೇಳಿದರೆ ಹಳೆಯ ಫೋರ್ಕು ಯಾವಾಗಲೋ ಗುಜರಿಗೆ ಹೋಗಿತ್ತು. ಅಂಥ ಗಾಡಿ ಈಗ ಬರುವುದಿಲ್ಲ, ಅದರ ಸಾಮಾನೂ ಇಲ್ಲ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಎಲ್ಲಿಯ ಗುಜರಿ ಅಂಗಡಿಗೆ ಹೋದರೂ ಸಿಗಲಿಲ್ಲ. ಹುಡುಕಲು ಹೋದ ದಿನ ಎಲೆ ನಿಲ್ಲುತ್ತಿತ್ತು. ಎಲೆ ಒಯ್ದ ದಿನ ಬಸ್ಸಿನಲ್ಲಿ ಅರ್ಧ ಹೆಡಿಗೆಯೂ ಹಿಡಿಸುತ್ತಿರಲಿಲ್ಲ. ಕೊಯ್ದ ಎಲೆ ಯಾರಿಗಾಗಿಯೂ ಕಾಯುವುದಿಲ್ಲ.

ಒಂದು ಮುಂಜಾನೆ ನನ್ನ ಸ್ಕೂಟರಿನ ಮೇಲೆ ಅವರನ್ನು ತೋಟಕ್ಕೆ ಕರೆದೊಯ್ದೆ. ಬಾಗಿಲಲ್ಲಿ ಒಂದು ಪಿಕಪ್ ನಿಂತಿತ್ತು. ಗೌಡರ ಮಗ ಪೆಂಡಿಗಳನ್ನು ಹಿಂದಿನ ತೊಟ್ಟಿಗೆ ಹೇರಿಸುತ್ತಿದ್ದ. ಗೌಡರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಕಾಕಾ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ನಿಂತರು. ಹೇರುತ್ತಿದ್ದ ಪೆಂಡಿಗಳ ಕಡೆ ನೋಡಿ ಕೇಳಿದರು.

‘ಗೌಡ್ರ, ಪಿಕಪ್ಪಿನ ಡ್ರೈವರ್ ಎಲಿಗೆ ಬೆನ್ನ ಕೊಟ್ಟ ಕುಂದ್ರತಾನಲ್ರಿ?’

ಗೌಡರು ಬಸಿಯಲ್ಲಿ ಚಹಾ ಆರಿಸುತ್ತ ಅಂದರು, ‘ಅದು ನಾಕ ಗಾಲಿ ಗಾಡಿ. ಅದರ ಲೆಕ್ಕ ಬ್ಯಾರೆ.’

‘ಹೆಂಗ್ ಬ್ಯಾರೆ ಆಕ್ಕೈತ್ರಿ?’

‘ನಡಕ ಗಾಜ ಅಡ್ಡ ಇರತೈತಿ.’

ಅಷ್ಟೇ. ಆ ಮಾತಿಗೆ ನನ್ನ ಮೈ ಉರಿಯಿತು. ಕಾಕಾ ಮಾತ್ರ ಏನೋ ತಿಳಿದವರ ಹಾಗೆ ತಲೆಯಾಡಿಸಿದರು. ಗೌಡರ ಮಗ, ಪಾಪ, ಕೆಟ್ಟವನಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ, ‘ಕಾಕಾ, ಎಲಿ ಹೇರಾಕ ಒಬ್ಬರ ಬೇಕಾಗೇತಿ. ನಾಳಿಯಿಂದ ಬರ್ರಿ, ಪಗಾರ ಕೊಡ್ತೇವಿ.’

ಒಂದು ದಿನ ಹೋದರು. ಪಿಕಪ್ಪಿನ ತೊಟ್ಟಿಯಲ್ಲಿ ಜಾಗ ಸಾಲದೆ ಡ್ರೈವರ್ ಪೆಂಡಿಗಳ ಮೇಲೆಯೇ ಕಾಲಿಟ್ಟು ಹಗ್ಗ ಬಿಗಿದನಂತೆ. ಕಾಕಾ ಮನೆಗೆ ಬಂದು ಊಟ ಮಾಡದೆ ಮಲಗಿದರು. ಮರುದಿನ ಹೋಗಲಿಲ್ಲ. ಕಾಕು ನಮ್ಮ ಅವ್ವನ ಹತ್ತಿರ ಬಂದು, ‘ಆಡೂ ಹೋದ್ವು, ತಗಡೂ ಹೋತು, ಗಾಡಿನೂ ಹೋತು, ತೋಟಾನೂ ಹೋತು. ಅಷ್ಟೆಲ್ಲ ಕೊಟ್ಟ ಇವರು ಮುಂಗಾಲ ಹಾಕಿಸಿದ್ದು ಯಾರ ಗಾಡಿಗೆ ಅಂತೀರಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋದರು. ಸ್ವಲ್ಪ ದಿನಕ್ಕೆ ಇಬ್ಬರೂ ಹಿರೇಕೆರೂರಿಗೆ, ಮಗಳ ಮನೆಗೆ ಹೊರಟುಹೋದರು. ಅಳಿಯನ ಬೇಕರಿಯಲ್ಲಿ ಕಾಕಾ ಕುಳಿತಿರುತ್ತಾರೆ ಎಂದು ಸುದ್ದಿ ಬರುತ್ತಿತ್ತು. ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ವರ್ಷಗಳು...

ಅಕ್ಕಿಆಲೂರಿನ ಪಡಸಾಲೆಯಲ್ಲಿ ತಾಟು ಜೋಡಿಸಿ ಮುಗಿಸಿದ ಮೇಲೆ ಹಿರೇಕೆರೂರಿನ ಬೀಗರಿಗೆ ಆ ಬೇಕರಿಯ ಗುರುತು ಹೇಳಿ ಕೇಳಿದೆ. ‘ಹಾಂ, ಗಲ್ಲಾಪೆಟ್ಟಿಗಿ ಮುಂದ ಒಬ್ಬ ಮುದುಕ ಕುಂದ್ರತಿದ್ದ. ಬಹಳ ಮಾತಾಡತಿರಲಿಲ್ಲ. ಆಂವ ತೀರಿಕೊಂಡ ವರ್ಷ ಆತ್ರಿ’ ಎಂದರು. ನಮ್ಮ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಾತಿಗೆ ಮಾತು ಜೋಡಿಸುತ್ತಿದ್ದ ಮನುಷ್ಯನನ್ನು ಆ ಊರು ಬಹಳ ಮಾತಾಡದವರು ಎಂದು ತಿಳಿದುಕೊಂಡಿತ್ತು. ಅಷ್ಟು ಕಳೆದುಹೋಗಿದ್ದರು ಅವರು.

ಸವಣೂರಿಗೆ ಮರಳಿದ ಮೇಲೆ ಗೌಡರ ಮನೆಗೆ ಹೋದೆ. ಹೇಳಬೇಕು ಅನ್ನಿಸಿತು, ಯಾಕೆಂದು ಗೊತ್ತಿಲ್ಲ. ಗೌಡರಿಗೆ ಈಗ ಬಹಳ ವಯಸ್ಸು, ಆದರೆ ಕಣ್ಣು ಕಿವಿ ಚುರುಕಾಗಿವೆ. ಸುದ್ದಿ ಹೇಳಿದೆ. ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು.

‘ಆಂವ, ಮುಂದ ಹೆಡಿಗಿ ಕಟಗೊಂಡ ಅಡ್ಡಾಡ್ತಿದ್ದನಲ್ಲ, ಆಂವ ಏನ?’

‘ಹೌದ್ರಿ.’

‘ಪಾಪ, ಛಲೋ ಮನಷ್ಯಾ ಇದ್ದ’ ಎಂದರು ಗೌಡರು. ಆಮೇಲೆ ನನ್ನ ಮುಖ ನೋಡುತ್ತ ಕೇಳಿದರು, ‘ಅಲ್ಲೋ, ಎಲ್ಲಾರೂ ಹಿಂದ ಕಟ್ಟಿದ್ರ ಆಂವ ಒಬ್ಬ ಯಾಕ ಮುಂದ ಕಟ್ತಿದ್ದ?’